ಕೆರಳುವ ಕರುಳು: ವರದಿಯಲ್ಲಿ ಕಾಣದ ನೋವು

ಕಳೆದ ಶ್ರಾವಣದಲ್ಲಿ ಹುಕ್ಕೇರಿ ತಾಲೂಕಿನ ಹಳ್ಳಿಯೊಂದರ ಶಾಲಾ ಶಿಕ್ಷಕಿಯೊಬ್ಬರು ದಪ್ಪನೆಯ ಫೈಲು ಹಿಡಿದು ನಮ್ಮಲ್ಲಿಗೆ ಬಂದಿದ್ದರು. ಅದರಲ್ಲಿ ನಾಲ್ಕು ವರ್ಷಗಳ ವರದಿಗಳಿದ್ದವು. ಹೊಟ್ಟೆಯ ಸ್ಕ್ಯಾನಿಂಗ್ ಮೂರು ಬಾರಿ, ಎಂಡೋಸ್ಕೋಪಿ ಎರಡು ಬಾರಿ, ಸಿ.ಟಿ. ಒಮ್ಮೆ ಆಗಿತ್ತು, ರಕ್ತಪರೀಕ್ಷೆಗಳನ್ನು ಎಣಿಸುವಂತಿರಲಿಲ್ಲ. ಪ್ರತಿಯೊಂದರ ಕೊನೆಯಲ್ಲಿಯೂ ದೋಷವೇನೂ ಕಂಡುಬಂದಿಲ್ಲವೆಂಬ ಒಂದೇ ಮಾತು. ಆದರೆ ವಾರದಲ್ಲಿ ಮೂರು ನಾಲ್ಕು ದಿನ ಹೊಟ್ಟೆ ಹಿಂಡುತ್ತಿತ್ತು. ಬೆಳಗ್ಗೆ ಶಾಲೆಯ ಬಸ್ಸಿಗೆ ಹೊರಡುವ ಹೊತ್ತಿಗೆ ಎರಡು ಮೂರು ಸಲ ಸಂಡಾಸಕ್ಕೆ ಓಡಬೇಕಾಗುತ್ತಿತ್ತು. ಇಷ್ಟಲಿಂಗ ಪೂಜೆಗೆ ಕುಳಿತರೆ ನಡುವೆ ಏಳಬೇಕಾದೀತೆಂಬ ಭಯ. ಬೆಳಗಾವಿಗೆ ಹೋಗುವ ದಿನ ಅವರು ಬೆಳಗಿನಿಂದ ಉಪವಾಸವಿರುತ್ತಿದ್ದರು. ತೌರಿನ ಜಾತ್ರೆಗೆ ಹೋಗದೆ ಎರಡು ವರ್ಷ ಕಳೆದಿತ್ತು.

ಫೈಲನ್ನು ಮೇಜಿನ ಮೇಲಿಟ್ಟು ಅವರು ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲಾ ನಾರ್ಮಲ್ ಅಂತಾರ‍್ರಿ. ಹಂಗಾದ್ರ ನಾ ಸುಳ್ಳ ಹೇಳಾಕತ್ತೇನೇನ್ರಿ?"

ಇಲ್ಲ, ಸುಳ್ಳು ಹೇಳುತ್ತಿರಲಿಲ್ಲ. ಅವರಿಗಿದ್ದದ್ದು ಇರಿಟೇಬಲ್ ಬವೆಲ್ ಸಿಂಡ್ರೋಮ್, ವೈದ್ಯರ ನಿತ್ಯದ ಮಾತಿನಲ್ಲಿ ಐಬಿಎಸ್. ಕನ್ನಡದಲ್ಲಿ ಕೆರಳುವ ಕರುಳಿನ ಬೇನೆ ಎನ್ನಬಹುದು. ಈ ಬೇನೆಯನ್ನು ಕುರಿತು ಈ ಸಂಚಿಕೆಯಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯಲು ಕಾರಣವಿದೆ. ಹೊಟ್ಟೆಯ ಮೇಲ್ಭಾಗದ ಉರಿಯನ್ನು ಎಲ್ಲರೂ ಎಲ್ಲರೆದುರು ಹೇಳಿಕೊಳ್ಳುತ್ತಾರೆ. ಕೆಳಗಿನ ಕರುಳಿನ ತೊಂದರೆಯನ್ನು ಗಂಡನಿಗೆ ಹೆಂಡತಿ ಹೇಳುವುದಿಲ್ಲ, ತಂದೆಗೆ ಮಗ ಹೇಳುವುದಿಲ್ಲ. ದೇಹವನ್ನು ಎಂದೂ ಹೀಗಳೆಯದ ಶರಣಪರಂಪರೆಯವರಾದ ನಾವು ಈ ವಿಷಯದಲ್ಲಿ ಮಾತ್ರ ಏಕೆ ಇಷ್ಟು ನಾಚುತ್ತೇವೆಯೋ ತಿಳಿಯದು.

ಯಾವುದಕ್ಕೆ ಈ ಹೆಸರು

ಹೊಟ್ಟೆ ಒಂದು ದಿನ ಕೆಟ್ಟರೆ ಅದು ಐಬಿಎಸ್ ಅಲ್ಲ. ಜಗತ್ತಿನ ಜಠರ-ಕರುಳು ತಜ್ಞರು ಕೂಡಿ ರೂಪಿಸಿ 2016ರಲ್ಲಿ ಪರಿಷ್ಕರಿಸಿದ ರೋಮ್ ಮಾನದಂಡಗಳು ಇದನ್ನು ಸ್ಪಷ್ಟವಾಗಿ ಗುರುತಿಸುತ್ತವೆ. ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇರಬೇಕು. ಆ ನೋವು ಮಲವಿಸರ್ಜನೆಯೊಂದಿಗೆ ಸಂಬಂಧವುಳ್ಳದ್ದಾಗಿರುವುದು, ಹೋಗುವ ಸಲಗಳ ಸಂಖ್ಯೆ ಬದಲಾಗುವುದು, ಮಲದ ಸ್ವರೂಪ ಬದಲಾಗುವುದು, ಈ ಮೂರರಲ್ಲಿ ಎರಡಾದರೂ ಜೊತೆಗಿರಬೇಕು. ತೊಂದರೆ ಆರಂಭವಾಗಿ ಆರು ತಿಂಗಳು ಕಳೆದಿರಬೇಕು. ಕೆಲವರಿಗೆ ಭೇದಿ ಪ್ರಧಾನ, ಕೆಲವರಿಗೆ ಮಲಬದ್ಧತೆ ಪ್ರಧಾನ, ಇನ್ನು ಕೆಲವರಿಗೆ ನಾಲ್ಕು ದಿನ ಅದು, ನಾಲ್ಕು ದಿನ ಇದು. ಚಿಕಿತ್ಸೆ ಈ ಬಗೆಯನ್ನು ಅವಲಂಬಿಸಿರುವುದರಿಂದ ತಮ್ಮದು ಯಾವುದೆಂದು ರೋಗಿಯೇ ಗಮನಿಸಿ ಹೇಳುವುದು ಅಗತ್ಯ.

ಭಾರತದ ಜಠರರೋಗ ತಜ್ಞರ ಸಂಘವು ದೇಶದ ಹಲವು ಕೇಂದ್ರಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಜನಸಾಮಾನ್ಯರ ಪೈಕಿ ಸುಮಾರು ಶೇ. 4ರಷ್ಟು ಮಂದಿಗೆ ಈ ಬೇನೆ ಕಂಡುಬಂದಿತು. ಸಾವಿರ ಮಂದಿ ವಯಸ್ಕರಿರುವ ಊರಿನಲ್ಲಿ ನಲವತ್ತು ಜನ ಎಂದಂತಾಯಿತು. ಪಾಶ್ಚಾತ್ಯ ದೇಶಗಳಲ್ಲಿ ಇದು ಹೆಂಗಸರಿಗೇ ಹೆಚ್ಚೆಂದು ಹೇಳುತ್ತಾರೆ; ನಮ್ಮ ಸಮೀಕ್ಷೆಯಲ್ಲಿ ಗಂಡು ಹೆಣ್ಣುಗಳ ನಡುವೆ ಅಂಥ ಅಂತರವೇನೂ ಕಾಣಲಿಲ್ಲ. ಅದೇ ಸಮೀಕ್ಷೆಯಿಂದ ತಿಳಿದ ಇನ್ನೊಂದು ಸಂಗತಿಯೂ ಉಪಯುಕ್ತವಾದುದು. ಭಾರತೀಯರಲ್ಲಿ ಬಹುಪಾಲು ಜನ ದಿನಕ್ಕೆ ಒಮ್ಮೆಯಾಗಲಿ ಅದಕ್ಕಿಂತ ಹೆಚ್ಚಾಗಲಿ ಮಲವಿಸರ್ಜನೆ ಮಾಡುವವರು. ವಾರಕ್ಕೆ ಮೂರಕ್ಕಿಂತ ಕಡಿಮೆಯಾದರೆ ಮಾತ್ರ ಮಲಬದ್ಧತೆ ಎನ್ನುವ ಪರದೇಶದ ಅಳತೆ ನಮಗೆ ಹೊಂದುವುದಿಲ್ಲ. ಹಾಗೆಯೇ, ದಿನಕ್ಕೆ ಎರಡು ಬಾರಿ ಹೋದೆನೆಂದು ಗಾಬರಿಯಾಗುವವರ ಗಾಬರಿಗೂ ಅರ್ಥವಿಲ್ಲ.

ಪರೀಕ್ಷೆಗೆ ಸಿಗದಿರುವುದೇಕೆ

ಸ್ಕ್ಯಾನಿಂಗ್ ಆಗಲಿ ಎಂಡೋಸ್ಕೋಪಿ ಆಗಲಿ ಅಂಗದ ರೂಪವನ್ನು ನೋಡುತ್ತವೆ. ಹುಣ್ಣು, ಗಂಟು, ಊತ, ಕಲ್ಲು ಇವು ಅಲ್ಲಿ ಕಾಣುತ್ತವೆ. ಐಬಿಎಸ್‌ನಲ್ಲಿ ಕರುಳಿನ ರೂಪ ಕೆಟ್ಟಿರುವುದಿಲ್ಲ, ನಡೆ ಕೆಟ್ಟಿರುತ್ತದೆ. ಗೋಡೆ, ಮೀಟರು, ತಂತಿ ಎಲ್ಲ ನೆಟ್ಟಗಿದ್ದೂ ವೋಲ್ಟೇಜ್ ಏರಿಳಿಯುವ ಮನೆಯ ಫೋಟೊ ತೆಗೆದರೆ ಅದರಲ್ಲಿ ಏನು ಕಂಡೀತು?

ಸುಮಾರು ಆರು ಮೀಟರಿನ ಸಣ್ಣಕರುಳು, ಒಂದೂವರೆ ಮೀಟರಿನ ದೊಡ್ಡಕರುಳು ಹಗಲಿರುಳು ಅಲೆಯಂತೆ ಸಂಕುಚಿಸಿ ಸಡಿಲಗೊಂಡು ಆಹಾರವನ್ನು ಮುಂದೆ ತಳ್ಳುತ್ತಿರುತ್ತವೆ. ಆ ಅಲೆ ಅತಿವೇಗವಾದರೆ ಭೇದಿ, ಮಂದವಾದರೆ ಮಲಬದ್ಧತೆ, ಲಯ ತಪ್ಪಿದರೆ ಹಿಂಡುವ ನೋವು. ಇದಕ್ಕಿಂತ ಮುಖ್ಯವಾದುದು ಕರುಳಿನ ನರಗಳ ಅತಿಸೂಕ್ಷ್ಮತೆ. ರಿಚಿ ಎಂಬ ಬ್ರಿಟಿಷ್ ವೈದ್ಯರು 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ತೋರಿಸಿಕೊಟ್ಟಿತು. ದೊಡ್ಡಕರುಳಿನೊಳಗೆ ಪುಟ್ಟ ಬಲೂನನ್ನಿಟ್ಟು ಒಂದೇ ಪ್ರಮಾಣದ ಗಾಳಿ ತುಂಬಿದಾಗ, ಆರೋಗ್ಯವಂತರಲ್ಲಿ ಕೆಲವೇ ಮಂದಿಗೆ ನೋವೆನಿಸಿದ್ದ ಉಬ್ಬು ಈ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ನೋವು ತಂದಿತು. ಎಲ್ಲರ ಹೊಟ್ಟೆಯಲ್ಲಿಯೂ ವಾಯುವಿರುತ್ತದೆ. ಇವರಿಗೆ ಮಾತ್ರ ಅದು ಕೇಳಿಸುತ್ತದೆ, ಅದೂ ಜೋರಾಗಿ ಕೇಳಿಸುತ್ತದೆ.

ಕರುಳಿನ ಗೋಡೆಯಲ್ಲಿ ಕೋಟಿಗಟ್ಟಲೆ ನರಕೋಶಗಳ ಜಾಲವಿದ್ದು, ಮೆದುಳಿನೊಂದಿಗೆ ಅದು ಸದಾ ಸಂದೇಶ ವಿನಿಮಯ ಮಾಡುತ್ತಿರುತ್ತದೆ. ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ್ದೆಂದು ನಾವು ಕೇಳಿರುವ ಸಿರೊಟೋನಿನ್ ಎಂಬ ರಾಸಾಯನಿಕದ ಶೇ. 90ಕ್ಕೂ ಹೆಚ್ಚು ಭಾಗ ಇರುವುದು ಕರುಳಿನಲ್ಲಿಯೇ. ಅಮೆರಿಕದ ಸೇನಾವೈದ್ಯ ವಿಲಿಯಂ ಬ್ಯೂಮಾಂಟ್ ಅವರ ಬಳಿಗೆ 1822ರಲ್ಲಿ ಗುಂಡೇಟು ತಿಂದ ಯುವಕನೊಬ್ಬ ಬಂದ. ಗಾಯ ಮಾಗಿದರೂ ಹೊಟ್ಟೆಯ ರಂಧ್ರ ಮುಚ್ಚಲಿಲ್ಲ. ಅದರ ಮೂಲಕ ವರ್ಷಗಟ್ಟಲೆ ಜಠರವನ್ನು ಕಣ್ಣಾರೆ ನೋಡಿದ ಬ್ಯೂಮಾಂಟ್, ಆತ ಸಿಟ್ಟಾದಾಗ ಪಚನವೇ ಏರುಪೇರಾಗುವುದನ್ನು ದಾಖಲಿಸಿ 1833ರಲ್ಲಿ ಪುಸ್ತಕ ಪ್ರಕಟಿಸಿದರು. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಬೆಳಗ್ಗೆ ಮಗ ನಾಲ್ಕು ಸಲ ಸಂಡಾಸಕ್ಕೆ ಹೋಗುವುದನ್ನು ಕಂಡ ತಾಯಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬರುವ ಅಪಾಯವಿದೆ. ಮೆದುಳಿಗೂ ಕರುಳಿಗೂ ನಂಟಿದೆ ಎಂದೊಡನೆ "ಹಂಗಾರ ಎಲ್ಲಾ ಮನಸಿಂದೈತಿ, ತಲಿ ಕೆಡಿಸ್ಕೋಬ್ಯಾಡ" ಎಂದುಬಿಡುವವರು ಮನೆಯಲ್ಲಿಯೂ ಇದ್ದಾರೆ, ಆಸ್ಪತ್ರೆಗಳಲ್ಲಿಯೂ ಇದ್ದಾರೆ. ಚಿಂತೆ ಕರುಳನ್ನು ಕೆರಳಿಸುತ್ತದೆ, ಕರುಳಿನ ನೋವು ಚಿಂತೆಯನ್ನು ಹೆಚ್ಚಿಸುತ್ತದೆ. ಯಾವುದು ಮೊದಲು ಎಂದು ಜಗಳವಾಡಿ ಫಲವಿಲ್ಲ. ನೋವು ನಿಜವಾದುದು, ದೈಹಿಕವಾದುದು. ಹಾಗೆಂದು ನಂಬದ ವೈದ್ಯನಿಂದ ಈ ಬೇನೆ ವಾಸಿಯಾಗುವುದಿಲ್ಲ ಎಂಬುದು ನಮ್ಮ ಅನುಭವ.

ನೀರು, ನೆರೆ, ತಿಪ್ಪೆ

ಅನೇಕರಲ್ಲಿ ಈ ತೊಂದರೆ ಒಂದು ದೊಡ್ಡ ಭೇದಿಯ ನಂತರ ಶುರುವಾಗಿರುತ್ತದೆ. ರೋಗಾಣು ಹೋಗಿರುತ್ತದೆ, ಜ್ವರ ಇಳಿದಿರುತ್ತದೆ, ಆದರೆ ಕರುಳು ಮಾತ್ರ ಮೊದಲಿನ ಸ್ಥಿತಿಗೆ ಮರಳುವುದಿಲ್ಲ. ಕೆನಡಾ ದೇಶದ ವಾಕರ್ಟನ್ ಎಂಬ ಸಣ್ಣ ಊರಿನಲ್ಲಿ 2000ದ ಮೇ ತಿಂಗಳಲ್ಲಿ ಜೋರು ಮಳೆ ಬಿದ್ದು, ದನದ ಗೊಬ್ಬರದ ನೀರು ಕುಡಿಯುವ ನೀರಿನ ಬಾವಿಗೆ ಸೇರಿತು. ಎರಡು ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, 7 ಮಂದಿ ತೀರಿಕೊಂಡರು. ಆ ಊರಿನವರನ್ನು ವೈದ್ಯರು ಬಹುಕಾಲ ಹಿಂಬಾಲಿಸಿ ನೋಡಿದರು. ಎರಡು ಮೂರು ವರ್ಷಗಳ ಮೇಲೆ, ಆಗ ಭೇದಿಯಾಗಿ ವೈದ್ಯಕೀಯವಾಗಿ ದೃಢಪಟ್ಟಿದ್ದವರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಜನರಿಗೆ ಐಬಿಎಸ್ ಇತ್ತು. ಭೇದಿಯಾಗದವರಲ್ಲಿ ಹತ್ತಕ್ಕೆ ಒಬ್ಬರಿಗೆ. ಎಂಟು ವರ್ಷಗಳಾಗುವಷ್ಟರಲ್ಲಿ ಈ ಸಂಖ್ಯೆ ಬಹಳಷ್ಟು ಇಳಿದಿತ್ತು ಎಂಬುದು ಸಮಾಧಾನದ ಮಾತು.

ಆ ದೂರದ ಊರಿನ ಕತೆ ನಮಗೆ ದೂರದ್ದಲ್ಲ. ಘಟಪ್ರಭಾ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ದಂಡೆಯ ಮೇಲಿನ ನಾವು 2019ರ ಆಗಸ್ಟ್ ತಿಂಗಳ ನೆರೆಯನ್ನು ಮರೆತಿಲ್ಲ. ಗೋಕಾಕ ಪಟ್ಟಣದ ಬೀದಿಗಳಲ್ಲಿ ನದಿಯೇ ಹರಿದಿತ್ತು. ನೆರೆ ಬರಲಿ ಬಿಡಲಿ, ಎಷ್ಟು ಹೊಲಮನೆಗಳಲ್ಲಿ ಬೋರ್‌ವೆಲ್ಲಿನ ಪಕ್ಕದಲ್ಲಿಯೇ ತಿಪ್ಪೆಯಿದೆ ಎಂಬುದನ್ನು ನೋಡುತ್ತಲೇ ಇದ್ದೇವೆ. ಮಳೆಗಾಲದಲ್ಲಿ ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ಕುಡಿಯುವುದು, ಬಾವಿ ಬೋರುಗಳಿಂದ ತಿಪ್ಪೆಯನ್ನು ದೂರಕ್ಕೆ, ಇಳಿಜಾರಿನ ಕೆಳಮಗ್ಗುಲಿಗೆ ಸರಿಸುವುದು, ಇವು ಇಂದಿನ ಭೇದಿಯನ್ನಷ್ಟೇ ಅಲ್ಲ, ಮುಂದಿನ ವರ್ಷಗಳ ಹೊಟ್ಟೆನೋವನ್ನೂ ತಡೆಯುವ ಕೆಲಸಗಳು. ಭೇದಿಗೆ ಔಷಧದಂಗಡಿಯಲ್ಲಿ ಕೇಳಿ ತಂದು ಎರಡು ದಿನ ನುಂಗಿ ಬಿಡುವ ಆಂಟಿಬಯಾಟಿಕ್ ಮಾತ್ರೆಗಳೂ ಕರುಳಿನ ಹಿತಕಾರಿ ಸೂಕ್ಷ್ಮಜೀವಿಗಳನ್ನು ಕೆಡಿಸಿ ಈ ಬೇನೆಗೆ ದಾರಿಮಾಡಬಲ್ಲವು. ಹೆಚ್ಚಿನ ಭೇದಿಗಳಿಗೆ ಬೇಕಾದುದು ಓಆರ್‌ಎಸ್ ನೀರು.

ಇದು ಐಬಿಎಸ್ ಅಲ್ಲ ಎನ್ನುವ ಗುರುತುಗಳು

ಇದನ್ನು ಓದುತ್ತಿರುವವರು ಮುಂದಿನ ಸಾಲುಗಳನ್ನು ದಯವಿಟ್ಟು ಎರಡು ಬಾರಿ ಓದಬೇಕು. ಮಲದಲ್ಲಿ ರಕ್ತ ಬೀಳುವುದು ಅಥವಾ ಮಲ ಡಾಂಬರಿನಂತೆ ಕಪ್ಪಾಗುವುದು, ಪ್ರಯತ್ನವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ ಅಥವಾ ನೋವು, ಹೊಟ್ಟೆಯಲ್ಲಿ ಕೈಗೆ ಸಿಗುವ ಗಂಟು, ನಲವತ್ತೈದು ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಕಾಣಿಸಿಕೊಂಡ ಬದಲಾವಣೆ, ತಂದೆ ತಾಯಿ ಒಡಹುಟ್ಟಿದವರಲ್ಲಿ ಕರುಳಿನ ಕ್ಯಾನ್ಸರ್. ಇವುಗಳಲ್ಲಿ ಒಂದಿದ್ದರೂ ಐಬಿಎಸ್ ಎಂದು ಸುಮ್ಮನಿರುವಂತಿಲ್ಲ, ತಡಮಾಡದೆ ಪರೀಕ್ಷೆಯಾಗಬೇಕು. ರಕ್ತ ಬಿದ್ದರೆ ಮೂಲವ್ಯಾಧಿಯೇ ಇರಬೇಕೆಂದು ಮೂಲವ್ಯಾಧಿಯ ಬೋರ್ಡು ಹಾಕಿದವರಲ್ಲಿಗೆ ಹೋಗಿ, ತಿಂಗಳುಗಟ್ಟಲೆ ಕಳೆದು, ಕೊನೆಗೆ ಕ್ಯಾನ್ಸರ್ ಎಂದು ತಿಳಿದವರನ್ನು ನಾವು ಕಂಡಿದ್ದೇವೆ.

ನಮ್ಮ ನಾಡಿನಲ್ಲಿ ಇನ್ನೂ ಒಂದು ಎಚ್ಚರ ಬೇಕು. ಕರುಳಿನ ಕ್ಷಯ, ಅಮೀಬಾ ಮತ್ತು ಜಿಯಾರ್ಡಿಯಾ ಸೋಂಕುಗಳು, ಥೈರಾಯ್ಡ್ ದೋಷ, ಹಾಲಿನ ಸಕ್ಕರೆ ಅರಗದಿರುವುದು, ಗೋಧಿಯ ಗ್ಲುಟೆನ್‌ನಿಂದಾಗುವ ಸೀಲಿಯಾಕ್ ರೋಗ, ಇವೆಲ್ಲ ಐಬಿಎಸ್‌ನ ವೇಷದಲ್ಲಿ ಬರಬಲ್ಲವು. ಆದ್ದರಿಂದ ಕೆಲವು ಸರಳ ಪರೀಕ್ಷೆಗಳು ಅಗತ್ಯವೇ: ರಕ್ತದ ಪೂರ್ಣ ಎಣಿಕೆ, ಉರಿಯೂತ ತೋರಿಸುವ ಸಿಆರ್‌ಪಿ, ಥೈರಾಯ್ಡ್, ಮಲಪರೀಕ್ಷೆ, ಭೇದಿ ಪ್ರಧಾನವಾಗಿದ್ದರೆ ಸೀಲಿಯಾಕ್ ರೋಗದ ರಕ್ತಪರೀಕ್ಷೆ, ಕರುಳಿನ ಉರಿಯೂತದ ಸಂಶಯವಿದ್ದರೆ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬುದರ ಪರೀಕ್ಷೆ. ಇವುಗಳಲ್ಲಿ ಹಲವು ತಾಲೂಕು ಮಟ್ಟದಲ್ಲಿಯೇ ಆಗುತ್ತವೆ. ಇವು ಸರಿಯಿದ್ದು, ಮೇಲೆ ಹೇಳಿದ ಅಪಾಯದ ಗುರುತುಗಳಾವುವೂ ಇಲ್ಲದೆ, ರೋಗಿಯ ಕತೆ ಐಬಿಎಸ್‌ನದೇ ಆಗಿದ್ದರೆ ಅಲ್ಲಿಗೆ ನಿಲ್ಲಬೇಕು. ಶಿಕ್ಷಕಿಯವರಿಗೆ ಮೂರನೆಯ ಸ್ಕ್ಯಾನಿಂಗ್‌ನಿಂದ ಸಿಕ್ಕ ಹೊಸ ತಿಳಿವಳಿಕೆ ಏನೂ ಇರಲಿಲ್ಲ. ಪ್ರತಿ ಬಾರಿ ವರದಿ ಬರುವವರೆಗೆ ಕ್ಯಾನ್ಸರ್ ಎಂಬ ಭಯದಲ್ಲಿ ನಿದ್ದೆಗೆಟ್ಟದ್ದಷ್ಟೇ ಸಿಕ್ಕಿತು.

ನಮ್ಮ ಊಟ, ನಮ್ಮ ದಾಸೋಹ

ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ತಜ್ಞರು 2005ರ ಸುಮಾರಿಗೆ ಒಂದು ಆಹಾರಕ್ರಮವನ್ನು ಮುಂದಿಟ್ಟರು. ಕೆಲವು ಬಗೆಯ ಸಕ್ಕರೆ ಪಿಷ್ಟಗಳು ಸಣ್ಣಕರುಳಿನಲ್ಲಿ ಹೀರಲ್ಪಡದೆ ದೊಡ್ಡಕರುಳಿಗೆ ಇಳಿದು, ಅಲ್ಲಿ ಸೂಕ್ಷ್ಮಜೀವಿಗಳಿಂದ ಹುದುಗಿ ವಾಯುವಾಗುತ್ತವೆ, ನೀರನ್ನು ಎಳೆದುಕೊಳ್ಳುತ್ತವೆ. ಇವುಗಳನ್ನು ಒಟ್ಟಾಗಿ ಫಾಡ್‌ಮ್ಯಾಪ್ ಎನ್ನುತ್ತಾರೆ. ಆರೋಗ್ಯವಂತರಿಗೆ ಇವು ಹಿತವೇ. ಕೆರಳಿದ ಕರುಳಿಗೆ ಮಾತ್ರ ಹೊರೆ. ನಾಲ್ಕರಿಂದ ಆರು ವಾರ ಅವನ್ನು ಕಡಿಮೆಮಾಡಿ, ಬಳಿಕ ಒಂದೊಂದನ್ನೇ ಮರಳಿ ತಿಂದು ನೋಡಿ, ತಮಗೆ ಒಗ್ಗದ್ದನ್ನು ಮಾತ್ರ ಬಿಡುವುದು ಈ ಕ್ರಮ. ಬಹಳ ಜನರಿಗೆ ಇದು ನೆರವಾಗಿದೆ.

ಆದರೆ ಅವರ ಪಟ್ಟಿಯನ್ನು ಮೊಬೈಲಿನಲ್ಲಿ ಇಳಿಸಿಕೊಂಡು ನಮ್ಮ ತಾಟಿನ ಮೇಲೆ ಹಾಗೆಯೇ ಹಚ್ಚಬಾರದು. ಮಾಂಸ ಮೊಟ್ಟೆ ತಿನ್ನುವವರು ಬೇಳೆಕಾಳು ಬಿಟ್ಟರೂ ಅವರಿಗೆ ಪ್ರೋಟೀನು ಸಿಗುತ್ತದೆ. ಸಸ್ಯಾಹಾರಿಗಳಾದ ನಮ್ಮವರು ಬೇಳೆ, ಹಾಲು, ಗೋಧಿ ಮೂರನ್ನೂ ಒಟ್ಟಿಗೆ ಬಿಟ್ಟು ಅನ್ನ-ತಿಳಿಸಾರಿನ ಮೇಲೆ ತಿಂಗಳುಗಟ್ಟಲೆ ಬದುಕಿ, ಎಂಟು ಹತ್ತು ಕಿಲೊ ಇಳಿದು, ತೂಕ ಇಳಿಯಿತಲ್ಲ ಕ್ಯಾನ್ಸರೇ ಇರಬೇಕೆಂದು ಅಳುತ್ತ ಬರುತ್ತಾರೆ. ಎಲ್ಲವನ್ನೂ ಒಮ್ಮೆಗೇ ಬಿಡುವುದಕ್ಕಿಂತ ಸಂಶಯವಿರುವ ಒಂದೊಂದನ್ನೇ ಎರಡು ಮೂರು ವಾರ ಬಿಟ್ಟು ನೋಡುವುದು ನಮಗೆ ಲೇಸು.

ನಮ್ಮ ಭಾಗದವರ ಅದೃಷ್ಟವೆಂದರೆ ಜೋಳ. ಗೋಧಿಯಲ್ಲಿ ಹೇರಳವಾಗಿರುವ ಫ್ರಕ್ಟಾನ್ ಎಂಬ ಅಂಶ ಜೋಳದಲ್ಲಿ ಕಡಿಮೆ, ಗ್ಲುಟೆನ್ ಇಲ್ಲವೇ ಇಲ್ಲ. ಚಪಾತಿಯೇ ಮೇಲಾದ ಊಟವೆಂದು ರೊಟ್ಟಿಯನ್ನು ಬಿಟ್ಟ ಮನೆಗಳವರು ಒಂದು ತಿಂಗಳು ರೊಟ್ಟಿಗೆ ಮರಳಿ ನೋಡಬಹುದು. ರೊಟ್ಟಿಯ ಜೊತೆಗಿರುವುದರ ಮಾತು ಬೇರೆ. ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ಫ್ರಕ್ಟಾನ್‌ನ ಗಣಿಗಳು. ಹಸಿ ಉಳ್ಳಾಗಡ್ಡಿಯನ್ನು ಗುದ್ದಿ ರೊಟ್ಟಿಯೊಡನೆ ತಿನ್ನುವ ರುಚಿ ಬಿಡಲಾರೆನೆನ್ನುವವರಿಗೆ ಬಿಡಿರೆಂದು ಹೇಳುವುದು ನಮಗೂ ಕಷ್ಟವೇ. ಒಂದು ಉಪಾಯವಿದೆ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಒಗ್ಗರಣೆಯ ಎಣ್ಣೆಯಲ್ಲಿ ಬಳ್ಳೊಳ್ಳಿಯ ಇಡೀ ಎಸಳನ್ನು ಬಾಡಿಸಿ, ನೀರು ಬೀಳುವ ಮುನ್ನ ತೆಗೆದುಬಿಟ್ಟರೆ ಪರಿಮಳ ಉಳಿಯುತ್ತದೆ, ಉಪದ್ರವ ಹೋಗುತ್ತದೆ. ಉಳ್ಳಾಗಡ್ಡಿಯ ಹಸಿರು ತಪ್ಪಲು ಕೂಡ ಸಾಮಾನ್ಯವಾಗಿ ತೊಂದರೆಕೊಡುವುದಿಲ್ಲ. ಕಾಳುಗಳನ್ನು ರಾತ್ರಿ ನೆನೆಯಿಟ್ಟು ಆ ನೀರನ್ನು ಚೆಲ್ಲಿ ಬೇಯಿಸಬೇಕು. ಕಡಲೆ, ತೊಗರಿ, ಹುರುಳಿಗಳಿಗಿಂತ ಹೆಸರುಬೇಳೆ ಹಗುರ.

ಖಾರದ ಮಾತು ಬಂದರೆ ಹುಕ್ಕೇರಿ ತಾಲೂಕಿನವರು ತಪ್ಪಿಸಿಕೊಳ್ಳುವಂತಿಲ್ಲ. ಸಂಕೇಶ್ವರದ ಮೆಣಸಿನಕಾಯಿ ಈ ನೆಲದ ಹೆಸರನ್ನೇ ಹೊತ್ತಿದೆ. ಮೆಣಸಿನಕಾಯಿಯ ಉರಿಗೆ ಕಾರಣವಾದ ಕ್ಯಾಪ್ಸೈಸಿನ್ ಕರುಳಿನ ನೋವಿನ ನರಗಳನ್ನೇ ನೇರವಾಗಿ ತಟ್ಟುತ್ತದೆ. ಭೇದಿ ಪ್ರಧಾನವಾದವರಿಗೆ ಖಾರದ ಊಟದ ನಂತರ ಹೊಟ್ಟೆನೋವು, ಉರಿ ಹೆಚ್ಚುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಪೂರ್ತಿ ಬಿಡಬೇಕಿಲ್ಲ. ಕೆಂಪು ಖಾರದ ಬದಲು ಶೇಂಗಾ ಚಟ್ನಿ, ಅದರಲ್ಲಿಯೂ ಖಾರ ಅರ್ಧ.

ಚಹಾ ದಿನಕ್ಕೆ ಮೂರು ಕಪ್ಪಿಗಿಂತ ಹೆಚ್ಚು ಬೇಡ. ಯಾರ ಮನೆಗೆ ಹೋದರೂ ಅರ್ಧ ಕಪ್ಪು ಎಂಬ ನಮ್ಮ ಪದ್ಧತಿಯಲ್ಲಿ ಈ ಲೆಕ್ಕ ಹಿಡಿಯುವುದು ಕಠಿಣ. ಹಾಲು ಒಗ್ಗದವರಿಗೆ ಆ ಅರ್ಧ ಕಪ್ಪುಗಳೇ ಸಂಜೆಗೆ ಅರ್ಧ ಲೀಟರಾಗುತ್ತವೆ. ಹಾಲು ಒಗ್ಗದವರಲ್ಲಿ ಅನೇಕರಿಗೆ ಮೊಸರು ಮಜ್ಜಿಗೆ ಒಗ್ಗುತ್ತವೆ, ಏಕೆಂದರೆ ಹೆಪ್ಪಾಗುವಾಗ ಹಾಲಿನ ಸಕ್ಕರೆ ಕಡಿಮೆಯಾಗಿರುತ್ತದೆ. ಚರಕಸಂಹಿತೆಯು ಗ್ರಹಣಿ ರೋಗಕ್ಕೆ ಮಜ್ಜಿಗೆಯನ್ನು ಹೊಗಳಿರುವುದು ಆಯುರ್ವೇದ ಬಲ್ಲವರಿಗೆ ತಿಳಿದದ್ದೇ. ಗ್ರಹಣಿಯೆಂಬುದು ಐಬಿಎಸ್‌ಗಿಂತ ವಿಶಾಲವಾದ ಕಲ್ಪನೆ, ಎರಡೂ ಒಂದೇ ಎನ್ನುವುದು ಸರಿಯಲ್ಲ. ಆದರೂ ತಿಳಿಮಜ್ಜಿಗೆಯ ವಿಷಯದಲ್ಲಿ ಎರಡು ವೈದ್ಯಗಳಿಗೂ ಜಗಳವಿಲ್ಲ.

ಈಗ ದಾಸೋಹದ ಮಾತು. ಪ್ರಸಾದವನ್ನು ಬಿಡಬಾರದೆಂಬ ನಿಷ್ಠೆ ನಮ್ಮ ಭಕ್ತರದು. ಹೋಳಿಗೆಯಲ್ಲಿ ಗೋಧಿಯೂ ಕಡಲೆಬೇಳೆಯೂ ಕೂಡಿರುತ್ತವೆ, ಮೇಲೆ ಹಾಲು. ಗೋಕಾಕದ ಕರದಂಟಿನಲ್ಲಿ ಗೋಡಂಬಿ, ಉತ್ತತ್ತಿಗಳು. ಇವನ್ನು ಹೊಟ್ಟೆ ತುಂಬ ತಿಂದು ಎರಡು ದಿನ ಮಲಗುವುದರಿಂದ ಭಕ್ತಿ ಹೆಚ್ಚುವುದಿಲ್ಲ. ಸ್ವಲ್ಪವೇ ನೀಡಿಸಿಕೊಂಡು, ನೀಡಿಸಿಕೊಂಡಷ್ಟನ್ನು ಕೆಡಿಸದೆ ಸ್ವೀಕರಿಸಿದರೆ ಅದು ಪ್ರಸಾದವೇ. ಬಡಿಸುವವರೂ "ಇನ್ನೊಂದು ಹಾಕ್ಕೋರಿ" ಎಂದು ಒತ್ತಾಯಿಸುವುದನ್ನು ಬಿಟ್ಟರೆ ಎಷ್ಟೋ ಕರುಳುಗಳಿಗೆ ಉಪಕಾರವಾದೀತು. ಶ್ರಾವಣ ಸೋಮವಾರದಂದು ದಿನವಿಡೀ ಉಪವಾಸವಿದ್ದು ರಾತ್ರಿ ಒಮ್ಮೆಗೇ ಭಾರೀ ಊಟ ಮಾಡುವುದೂ ಈ ರೋಗಿಗಳಿಗೆ ಆಗದು. ವೇಳೆಗೆ ಸರಿಯಾಗಿ, ಸ್ವಲ್ಪ ಸ್ವಲ್ಪ, ಅಗಿದು ತಿನ್ನುವುದೇ ಅವರಿಗೆ ವ್ರತ.

ಮಲಬದ್ಧತೆಯವರಿಗೆ ನಾರಿನಂಶ ತಿನ್ನಿ ಎಂಬ ಸಲಹೆ ಎಲ್ಲರೂ ಕೊಡುತ್ತಾರೆ. ಯಾವ ನಾರು ಎಂಬುದು ಮುಖ್ಯ. ಗೋಧಿಯ ತವುಡು ಅನೇಕರಲ್ಲಿ ಉಬ್ಬರ, ನೋವನ್ನು ಹೆಚ್ಚಿಸುತ್ತದೆ. ಇಸಬಗೋಲು ನೀರಿನಲ್ಲಿ ಲೋಳೆಯಾಗುವ ನಾರು. ಭೇದಿಗೂ ಮಲಬದ್ಧತೆಗೂ ಎರಡಕ್ಕೂ ಹೊಂದುತ್ತದೆ. ದಿನಕ್ಕೆ ಒಂದು ಚಿಕ್ಕ ಚಮಚದಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಬೇಕು, ಪ್ರತಿ ಸಲ ದೊಡ್ಡ ಲೋಟದ ತುಂಬ ನೀರು ಕುಡಿಯಬೇಕು.

ಔಷಧಗಳು

ಔಷಧವಿಲ್ಲದ ರೋಗ ಇದಲ್ಲ, ಆದರೆ ಎಲ್ಲರಿಗೂ ಒಂದೇ ಔಷಧ ಎಂಬುದೂ ಇಲ್ಲ. ಹಿಂಡುವ ನೋವಿಗೆ ಕರುಳಿನ ಸ್ನಾಯು ಸಡಿಲಿಸುವ ಮೆಬೆವೆರಿನ್‌ನಂಥವು, ಪೆಪ್ಪರ್‌ಮಿಂಟ್ ಎಣ್ಣೆಯ ಗುಳಿಗೆಗಳು. ಭೇದಿಗೆ ಅಗತ್ಯವಿದ್ದಾಗ ಲೋಪೆರಮೈಡ್, ಕೆಲವರಿಗೆ ರಿಫಾಕ್ಸಿಮಿನ್ ಎಂಬ ಕರುಳಿನಲ್ಲಿಯೇ ಉಳಿಯುವ ಆಂಟಿಬಯಾಟಿಕ್. ಮಲಬದ್ಧತೆಗೆ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ಇವೆಲ್ಲ ವೈದ್ಯರ ಸಲಹೆಯ ಮೇಲೆ.

ಇನ್ನೊಂದು ಔಷಧದ ಬಗ್ಗೆ ವಿಶೇಷವಾಗಿ ಹೇಳಬೇಕು, ಏಕೆಂದರೆ ಚೀಟಿಯಲ್ಲಿ ಅದರ ಹೆಸರು ಕಂಡು ಹಿಂಜರಿಯುವವರು ಬಹಳ. ಅಮಿಟ್ರಿಪ್ಟಿಲಿನ್ ಮೂಲತಃ ಖಿನ್ನತೆಯ ಔಷಧ. "ನನಗೇನ್ ಹುಚ್ಚ ಹಿಡದೈತೇನ್ರಿ?" ಎಂದು ಔಷಧದಂಗಡಿಯಿಂದಲೇ ಮರಳಿ ಬಂದವರಿದ್ದಾರೆ. ಖಿನ್ನತೆಗೆ ಕೊಡುವುದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ, ದಿನಕ್ಕೆ 10ರಿಂದ 30 ಮಿಲಿಗ್ರಾಂನಷ್ಟು, ಅದು ಕರುಳಿನ ನೋವಿನ ನರಗಳನ್ನು ಶಾಂತಗೊಳಿಸುತ್ತದೆ. ಇಂಗ್ಲೆಂಡಿನ ಸಾಮಾನ್ಯ ವೈದ್ಯರ ಬಳಿ ಬರುವ 463 ರೋಗಿಗಳ ಮೇಲೆ ಆರು ತಿಂಗಳು ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಸಿಗುಳಿಗೆ ತೆಗೆದುಕೊಂಡವರಿಗಿಂತ ಇದನ್ನು ತೆಗೆದುಕೊಂಡವರಿಗೆ ಸ್ಪಷ್ಟವಾಗಿ ಹೆಚ್ಚು ಉಪಶಮನ ದೊರೆಯಿತು. ಬಾಯಿ ಒಣಗುವುದು, ನಿದ್ದೆ ಬರುವುದು ಇದರ ಸಾಮಾನ್ಯ ತೊಂದರೆಗಳು. ಹೃದಯದ ತೊಂದರೆ, ಗ್ಲಾಕೋಮಾ ಇರುವವರು ಮೊದಲೇ ತಿಳಿಸಬೇಕು.

ಸಂತೆಯಲ್ಲಿ ಮಾರುವ ಹೆಸರಿಲ್ಲದ ಚೂರ್ಣಗಳ ಬಗ್ಗೆ ಒಂದೇ ಮಾತು. ಅವುಗಳಲ್ಲಿ ಬಹಳವು ಸೋನಾಮುಖಿಯ ಬಲದಿಂದ ಕೆಲಸ ಮಾಡುವಂಥವು. ಬೆಳಗ್ಗೆ ಹೊಟ್ಟೆ ಸಾಫಾದಂತೆನಿಸುತ್ತದೆ. ಹಿಂಡುವ ನೋವೂ ಅದರಿಂದಲೇ ಹೆಚ್ಚುತ್ತದೆ.

ಮನಸ್ಸು, ನಿದ್ದೆ, ವೇಳೆ

ಮಾತಿನ ಮೂಲಕ ನಡೆಸುವ ಮನೋಚಿಕಿತ್ಸೆಯಿಂದ, ಕರುಳನ್ನು ಕುರಿತ ಸಂಮೋಹನ ಚಿಕಿತ್ಸೆಯಿಂದ ಐಬಿಎಸ್ ಶಮನವಾಗುವುದಕ್ಕೆ ಒಳ್ಳೆಯ ಆಧಾರಗಳಿವೆ. ಅವು ನಮ್ಮ ತಾಲೂಕುಗಳಲ್ಲಿ ಸುಲಭವಾಗಿ ಸಿಗುವಂಥವಲ್ಲ. ದಿನವೂ ಅರ್ಧ ತಾಸು ನಡಿಗೆ, ಹೊಟ್ಟೆಯನ್ನು ಹಿಗ್ಗಿಸುವ ನಿಧಾನವಾದ ಉಸಿರಾಟ, ಸಾಕಷ್ಟು ನಿದ್ದೆ, ಇವು ಎಲ್ಲರ ಕೈಯಲ್ಲಿರುವುವು. ಇಷ್ಟಲಿಂಗ ಪೂಜೆಯಿಂದ ಹೊಟ್ಟೆನೋವು ಹೋಗುತ್ತದೆಯೇ ಎಂದು ಕೇಳುವವರಿದ್ದಾರೆ. ಪೂಜೆಯನ್ನು ಮಾತ್ರೆಯಂತೆ ಬರೆದುಕೊಡುವುದು ನಮಗೆ ಒಪ್ಪಿತವಲ್ಲ. ಆದರೆ ಅವಸರವಿಲ್ಲದೆ, ಉಸಿರು ನಿಧಾನವಾಗಿ, ದೃಷ್ಟಿ ಒಂದೆಡೆ ನಿಂತು ಕುಳಿತ ಇಪ್ಪತ್ತು ನಿಮಿಷ ದೇಹವನ್ನೂ ಶಾಂತಗೊಳಿಸುತ್ತದೆ ಎಂಬುದರಲ್ಲಿ ಆಶ್ಚರ್ಯವೇನಿಲ್ಲ.

ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ರಾತ್ರಿಪಾಳಿಯವರು, ಬಸ್ಸು ಲಾರಿ ಚಾಲಕರು, ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಸೊಸೆಯಂದಿರು, ಇವರಿಗೆ ಊಟದ ವೇಳೆಯೂ ಇಲ್ಲ, ಸಂಡಾಸದ ವೇಳೆಯೂ ಇಲ್ಲ. ಉಪಾಹಾರದ ನಂತರ ಕರುಳು ತಾನಾಗಿ ಚುರುಕಾಗುತ್ತದೆ. ಆ ಹೊತ್ತಿನಲ್ಲಿ ಹತ್ತು ನಿಮಿಷ ನಿರಾತಂಕವಾಗಿ ಕೂರುವ ಅವಕಾಶ ಮನೆಯ ಹೆಣ್ಣುಮಕ್ಕಳಿಗೂ ಸಿಗಬೇಕು. ಹೊಲದ ಕೆಲಸಕ್ಕೆ ಹೋದವರು, ಶೌಚಾಲಯ ಸರಿಯಿಲ್ಲದ ಶಾಲೆಯ ಬಾಲಕಿಯರು ಸಂಜೆಯವರೆಗೆ ತಡೆದುಕೊಂಡು, ನೀರನ್ನೂ ಕುಡಿಯದೆ ಇರುವುದು ನಮಗೆಲ್ಲ ಗೊತ್ತಿರುವ ಸಂಗತಿ. ಇದಕ್ಕೆ ಗುಳಿಗೆಯಿಲ್ಲ, ಶೌಚಾಲಯ ಕಟ್ಟಿಸಬೇಕು, ಅದಕ್ಕೆ ನೀರಿನ ವ್ಯವಸ್ಥೆಯಾಗಬೇಕು.

ವೈದ್ಯರಲ್ಲಿಗೆ ಮೊದಲ ಸಲ ಹೋಗುವವರು ಎರಡು ವಾರದ ಟಿಪ್ಪಣಿ ಬರೆದು ಒಯ್ದರೆ ಅರ್ಧ ಕೆಲಸ ಮುಗಿದಂತೆ. ಏನು ತಿಂದಿರಿ, ಯಾವಾಗ ನೋವು ಬಂತು, ಹೋದ ಮೇಲೆ ಕಡಿಮೆಯಾಯಿತೋ ಇಲ್ಲವೋ, ಮಲ ಗಟ್ಟಿಯೋ ತೆಳುವೋ, ಆ ದಿನ ಮನೆಯಲ್ಲಿ ಏನು ನಡೆದಿತ್ತು. ಶಿಕ್ಷಕಿಯವರು ಶಾಲೆಯ ಹಳೆಯ ನೋಟುಪುಸ್ತಕದಲ್ಲಿ ಇದನ್ನು ಒಂದು ತಿಂಗಳು ಬರೆದರು. ಬೆಳಗ್ಗೆ ಖಾಲಿ ಹೊಟ್ಟೆಗೆ ಎರಡು ಕಪ್ಪು ಹಾಲಿನ ಚಹಾ ಕುಡಿದು, ಬಸ್ಸಿನ ಭಯಕ್ಕೆ ತಿಂಡಿ ಬಿಟ್ಟು, ಮಧ್ಯಾಹ್ನ ಚಪಾತಿ ಮತ್ತು ಉಳ್ಳಾಗಡ್ಡಿ ಪಲ್ಯ ಉಂಡ ದಿನಗಳೇ ಅವರ ಕೆಟ್ಟ ದಿನಗಳೆಂದು ಪುಸ್ತಕವೇ ಹೇಳಿತು. ಚಹಾ ಒಂದಕ್ಕಿಳಿಯಿತು, ಬೆಳಗ್ಗೆ ಒಂದು ರೊಟ್ಟಿ ಬಂತು, ಇಸಬಗೋಲು ಸೇರಿತು, ಮೂರು ತಿಂಗಳು ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್ ನಡೆಯಿತು.

ಹೋದ ತಿಂಗಳು ಅವರು ಮತ್ತೆ ಬಂದಿದ್ದರು. ನೋವು ಪೂರ್ತಿ ಹೋಗಿಲ್ಲ, ತಿಂಗಳಿಗೆ ಎರಡು ಮೂರು ದಿನ ಇದ್ದೇ ಇದೆ. ಐದನೆಯ ತರಗತಿಯ ಮಕ್ಕಳನ್ನು ಗೋಕಾಕ ಜಲಪಾತಕ್ಕೆ ಕರೆದುಕೊಂಡು ಹೋಗಿ ಬಂದೆನೆಂದರು. ದಾರಿಯಲ್ಲಿ ಒಮ್ಮೆ ಬಸ್ಸು ನಿಲ್ಲಿಸಬೇಕಾಯಿತಂತೆ. "ನಾಚಿಕೆ ಏನ್ರಿ ಅದರಾಗ, ಡ್ರೈವರಗ ಹೇಳೇ ನಿಲ್ಲಿಸಿದ್ಯಾ," ಎಂದರು.